ಎಂಟನೆಯ ಹೂ

ಮರುದಿನ ಬೆಳಗಿನ ಆರು ಹತ್ತರ ರೈಲು.
ಇಸ್ತಾದ್‌ನಲ್ಲಿ ನೋಡಲು ಉಳಿದದ್ದು ಮೂರೇ:
ಮಠದ ಔಷಧಿ ತೋಟ, ಕಂಬಕಂಬಕ್ಕೆ ಕೆತ್ತನೆಯಿರುವ ಹಳೆ ಮರದ ಮನೆ,
ಸಂತ ಮರಿಯಾಳ ಚರ್ಚು.
ಪಟ್ಟಿ ಬರೆದದ್ದು ಬೇಕರಿಯ ಬಿಲ್ಲಿನ ಬೆನ್ನಿಗೆ,
ಬನ್ನಿನ ಜಿಡ್ಡು ಅಕ್ಷರಗಳಿಗೆ ಇಳಿದಿತ್ತು.
ಬನ್ನಿನೊಳಗಿನ ಏಲಕ್ಕಿ ನನಗಿಂತ ಎಷ್ಟೋ ಮುಂಚೆ ಇಲ್ಲಿಗೆ ಬಂದು
ಮನೆಯವಳೇ ಆಗಿಬಿಟ್ಟಿದೆ.
ನನಗಿನ್ನೂ ಹನ್ನೊಂದು ದಿನ.

ಹನ್ನೊಂದು ದಿನ, ಹೋದಲ್ಲೆಲ್ಲ ಒಂದೇ ಪ್ರಶ್ನೆ:
"ಒಬ್ಬರೇನಾ?"
ಕುರ್ಚಿ ತೋರಿಸುವ ಹುಡುಗ, ದೋಣಿಯ ಚೀಟಿ ಹರಿಯುವಾಕೆ.
ತಪ್ಪಿಲ್ಲ ಅವರದು.
ಎದುರಿನ ತಟ್ಟೆ, ಚಮಚ, ಗ್ಲಾಸು
ಸದ್ದಾಗದಂತೆ ಎತ್ತಿಕೊಂಡು ಹೋಗುತ್ತಾರೆ,
ಯಾರೋ ಉಂಡೆದ್ದು ಹೋದ ಹಾಗೆ.
ನಾನು ಬೆರಳೆತ್ತಿ ತೋರಿಸುತ್ತೇನೆ, ಒಂದು,
ಕ್ಲಾಸಿನಲ್ಲಿ ಒಂದಕ್ಕೆ ಕೇಳುವ ಹುಡುಗಿಯಂತೆ.

ತೋಟದಲ್ಲಿ ಬಾತುಕೋಳಿಗಳಿಗೆ ನನ್ನ ಬನ್ನಿನ ಮೇಲೆ ಕಣ್ಣು.
ಪುದೀನ ಕಂಡೆ, ಹೆಸರು ಓದಲು ಬಾರದ ಇಪ್ಪತ್ತು ಗಿಡ ಕಂಡೆ,
ಗೋಡೆಗೊರಗಿ ಆಳೆತ್ತರ ನಿಂತ ದಾಸವಾಳದ ದಾಯಾದಿಯೊಂದನ್ನು ಕಂಡೆ.
ಬುಡದ ಎಲೆಗೆಲ್ಲ ತುಕ್ಕು,
ತುದಿಯಲ್ಲಿ ಮಾತ್ರ ಸೆಪ್ಟೆಂಬರಿನ ಕೊನೆಯ ಹೂ.
ಮರದ ಮನೆಯ ಮುಂದೆ ಅಟ್ಟಣಿಗೆ, ಪರದೆ, ಬಣ್ಣದ ಡಬ್ಬಿ.
ಒಬ್ಬ ಇಣುಕಿ, ಸೋಮವಾರ ಬನ್ನಿ, ಅಂದ.
ಆಗಲಿ, ಅಂದೆ.
ಹಿಂತಿರುಗಿ ಬರುವವಳ ಸುಳ್ಳಿಗೂ ಒಂದು ಸೊಗಸಿದೆ.

ಚರ್ಚಿನ ಬಾಗಿಲು ಅರ್ಧ ತೆರೆದಿತ್ತು.
ಒಳಗೆ ಹೊಕ್ಕ ಮೇಲೆ ತಿಳಿಯಿತು: ಬಿಳಿಯ ಪೆಟ್ಟಿಗೆ,
ಮುಂದಿನೆರಡು ಸಾಲಿನಲ್ಲಿ ಏಳು ಜನ.
ಹಿಂದೆ ಸರಿಯುವಷ್ಟರಲ್ಲಿ ಹಲಗೆ ಕಿರ್ರೆಂದಿತು.
ಏಳು ಮುಖವೂ ತಿರುಗಿದವು.
ಅದರಲ್ಲೊಂದು, ಗುನ್‌ವೋರ್ ಎಂದು ಆಮೇಲೆ ಗೊತ್ತಾದ ಮುಖ,
ಬಂದಿರಲ್ಲ ಸದ್ಯ, ಎನ್ನುವಂತೆ ತಲೆದೂಗಿ
ಪಕ್ಕಕ್ಕೆ ಜರುಗಿತು.

ಒಬ್ಬೊಬ್ಬರಾಗಿ ಎದ್ದು ಹೋದರು,
ಪೆಟ್ಟಿಗೆಯ ಮೇಲೆ ಒಂದೊಂದು ಹೂವಿಟ್ಟು
ಅರೆಗಳಿಗೆ ನಿಂತು ಬಂದರು.
ನನ್ನ ಕೊರಳಲ್ಲಿ ಕ್ಯಾಮೆರಾ, ಕೈ ಖಾಲಿ.
ಗುನ್‌ವೋರ್ ತನ್ನ ಕಟ್ಟಿನಿಂದ ಒಂದು ಗುಲಾಬಿ ಎಳೆದು ಕೊಟ್ಟಳು.
ಮುಳ್ಳು ಚುಚ್ಚಿತು. ಕಣ್ಣಲ್ಲಿ ನೀರು ಬಂದದ್ದು
ಯಾರಿಗೂ ವಿಚಿತ್ರವೆನಿಸಲಿಲ್ಲ.
ಹೇಳಲು ಮಾತು ಹುಡುಕಿದೆ ಅಲ್ಲಿ ನಿಂತು.
"ಹೋಗಿ ಬನ್ನಿ" ಅಂದುಬಿಟ್ಟೆ.
ಬರಲಾರದವನಿಗೂ ಅದೇ ಮಾತು,
ನನ್ನ ನಾಲಿಗೆಗೆ ಬೇರೆ ರೂಢಿಯಿಲ್ಲ.

ಪಕ್ಕದ ಕೋಣೆಯಲ್ಲಿ ಕಾಫಿ.
ಜೋಡಿಸಿದ ಬಟ್ಟಲು ಹನ್ನೆರಡು, ಬಂದವರು ಎಂಟು.
ಉಳಿದ ನಾಲ್ಕನ್ನು ಯಾರೂ ಎತ್ತಿಡಲಿಲ್ಲ.
ಸೀಗಡಿ, ಮೊಟ್ಟೆ, ಸಬ್ಬಸಿಗೆ ಹೇರಿದ ಬ್ರೆಡ್ಡಿನ ಕೇಕು.
ಅವರ ಅರ್ಧ ಇಂಗ್ಲಿಷು, ನನ್ನ ಅರ್ಧ ಇಂಗ್ಲಿಷು ಸೇರಿ ತಿಳಿದದ್ದಿಷ್ಟು:
ಸಿಕ್ಸ್ಟೆನ್. ದ್ವೀಪಕ್ಕೆ ಹೋಗುವ ಹಡಗುಕಟ್ಟೆಯಲ್ಲಿ
ಜನ ಮರೆತು ಹೋದ ಸಾಮಾನಿನ ಕೋಣೆಗೆ
ಮೂವತ್ತೊಂದು ವರ್ಷ ಕಾವಲು.
ಕೊಡೆ, ಹಲ್ಲಿನ ಸೆಟ್ಟು, ಒಮ್ಮೆ ಒಂದು ಮರದ ಕಾಲು.
ಯಾವುದನ್ನೂ ಎಸೆದವನಲ್ಲ. ಮದುವೆಯಿಲ್ಲ.
ವಿಳಾಸ ಸಿಕ್ಕರೆ ಸ್ವಂತ ದುಡ್ಡಿನಲ್ಲಿ ಪಾರ್ಸೆಲ್.

"ನಿಮ್ಮದೇನು ಕಳೆದಿತ್ತು?" ಗುನ್‌ವೋರ್ ಕೇಳಿದಳು.
ನಿಜ ಹೇಳಬಹುದಿತ್ತು.
"ಕೈಗವಸು," ಅಂದೆ. "ಎಡಗೈಯದು."
ಅವಳು ಬಟ್ಟಲು ಕೆಳಗಿಟ್ಟಳು.
"ಹೇಳಿದ್ದ ಅವನು! ಕೆಂಪು, ಅಲ್ಲವೆ?"
ಕೆಂಪು, ಅಂದೆ.

ರಾತ್ರಿ ಒಂಬತ್ತೂಕಾಲಿಗೆ ಅದೇ ಚರ್ಚಿನ ಗೋಪುರದಿಂದ
ಕಾವಲುಗಾರ ಕಹಳೆ ಊದಿದ,
ನಾಲ್ಕು ದಿಕ್ಕಿಗೆ ನಾಲ್ಕು ಕಿಟಕಿಯಿಂದ:
ಎಲ್ಲೂ ಬೆಂಕಿ ಬಿದ್ದಿಲ್ಲ, ಮಲಗಿ.
ಚೀಲ ಕಟ್ಟುವುದು ಬಿಟ್ಟು ಕಿಟಕಿ ತೆರೆದೆ.
ಉಭಯ ಕುಶಲೋಪರಿ.
ಹಳೆಯ ಕಾಗದಗಳ ಆ ಮೊದಲ ಸಾಲನ್ನಷ್ಟೇ ಬರೆದು,
ಮುಂದಿನ ಸಮಾಚಾರವೇನೂ ಇಲ್ಲದೆ
ಕಾಲುಗಂಟೆಗೊಮ್ಮೆ ಅಂಚೆಗೆ ಹಾಕಿದ ಹಾಗೆ.
ಒಂದರ ತನಕ ಎಚ್ಚರಿದ್ದು ಎಣಿಸಿದೆ, ಹದಿನಾರು ಸಲ.

ಬೆಳಗ್ಗೆ ಸ್ಟೇಷನ್ನಿನಲ್ಲಿ ಗಾಳಿ ಸಮುದ್ರದ ಕಡೆಯಿಂದ ಬರುತ್ತಿತ್ತು.
ಬಲಗೈಯಲ್ಲಿ ಚೀಲ.
ಎಡಗೈ ತಣ್ಣಗಾಗಿತ್ತು,
ಜೇಬಿಗೆ ಇಳಿಸಿಕೊಂಡೆ.