ನೆರೆಯವಳು

ನನ್ನ ಹುಲ್ಲಿನ ಕೊಟ್ಟಿಗೆ ವಾಲಿದೆ ಎಂದು
ನನಗೆ ಗೊತ್ತಾದದ್ದು ಹೆಲ್ಯು ಬರೆದ ಚಿತ್ರದಿಂದ.

ಅರವತ್ತು ವರ್ಷ ಅದರೊಳಗೆ ಹೊಕ್ಕು ಹೊರಟವನು ನಾನು.
ಅಪ್ಪ ಸ್ಪ್ರೂಸ್ ದಿಮ್ಮಿ ಎಳೆದು ತಂದದ್ದು ಯಾವ ಚಳಿಗಾಲ,
ಯಾವ ಸೀಳಿನಲ್ಲಿ ಕಣಜದ ಹುಳ ಗೂಡು ಕಟ್ಟುತ್ತದೆ,
ಎಲ್ಲ ಬಲ್ಲೆ. ವಾಲಿದ್ದು ಮಾತ್ರ ಕಂಡಿರಲಿಲ್ಲ.
"ನಿನ್ನ ಕೈ ಸೊಟ್ಟ," ಅಂದೆ.
"ಹೋಗಿ ನೋಡು ಎಂಡೆಲ್," ಅಂದಳು, ತಲೆಯೆತ್ತದೆ.
ಹೋದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ.
ಒಂದು ಗೇಣು. ಪೂರ್ವಕ್ಕೆ, ಹಾಲಿಸ್ತೆ ಹೊಳೆಯ ಕಡೆಗೆ,
ಕಿವಿ ಮಂದವಾದವನು ಮಾತಿಗೆ ಬಗ್ಗಿದ ಹಾಗೆ.

ಮೂವತ್ತೊಂದು ವರ್ಷ ಈ ಜೌಗಿನಲ್ಲಿ ಅಂಚೆ ಹಂಚಿದವಳು.
ಸೈಕಲ್ಲು, ಸ್ಕೀ ಹಲಗೆ, ಆಸ್ಪೆನ್ ಮರ ಕೊರೆದ ದೋಣಿ,
ನೆಲ ಹೇಗಿತ್ತೋ ಹಾಗೆ.
ಈಗಲೂ ಅದೇ ಚೀಲ, ಅದೇ ದಾರಿ,
ಕಾಗದವೂ ಇದೆ. ಯಾರಿಗೂ ಕೊಡುವುದಿಲ್ಲ.

ಜನವರಿಯಲ್ಲಿ ಬಣ್ಣದ ನೀರು ಬಟ್ಟಲಲ್ಲೇ ಕಲ್ಲಾಗುತ್ತದೆ.
ಅದಕ್ಕೆ ವೋಡ್ಕಾ ಬೆರೆಸುತ್ತಾಳೆ, ಮದ್ದಿನಂತೆ ಅಳೆದು.
ಉಳಿದದ್ದು ಬೇಲಿಯ ಮೇಲಿಂದ ನನಗೆ.
ಆದರೂ ಒಮ್ಮೊಮ್ಮೆ ಆಕಾಶ ಒಣಗುವ ಮೊದಲೇ ಹೆಪ್ಪಾಗಿ
ಹಾಳೆಯ ಮೇಲೆ ಜರಿಗಿಡದ ಎಲೆ ಬಿಡಿಸುತ್ತದೆ.
"ಇದು ನಾನು ಬರೆದದ್ದಲ್ಲ," ಅನ್ನುತ್ತಾಳೆ.
ಸಹಿ ಮಾತ್ರ ತನ್ನದೇ.

ಜೂನಿನಲ್ಲಿ ಬೆಳಕು ಮುಗಿಯುವುದಿಲ್ಲ, ಅವಳೂ ಮುಗಿಸುವುದಿಲ್ಲ.
ರಾತ್ರಿ ಹನ್ನೊಂದು. ಹುಲ್ಲಿನೊಳಗೊಂದು ಹಕ್ಕಿ
ಬಾಚಣಿಗೆಯ ಹಲ್ಲಿಗೆ ಉಗುರು ಗೀರಿದಂತೆ ಕೂಗುತ್ತಲೇ ಇದೆ.
ಆ ವರ್ಷದ ಹುಲ್ಲುಗಾವಲಿಗೆ ಮೂರು ಸೊಳ್ಳೆ ಅಂಟಿವೆ.
ತೆಗೆಯಲಿಲ್ಲ. ಸಾಕ್ಷಿಗಿರಲಿ ಅಂದಳು.

ಅಕ್ಟೋಬರಿಗೆ ಪೆಟ್ಟಿಗೆಯಲ್ಲಿ ಉಳಿಯುವುದು ಬೂದು.
ಬೂದು ಅಂದರೆ ಒಂದಲ್ಲವಂತೆ:
ಕೊಕ್ಕರೆಯ ಬೆನ್ನಿನದು, ಹಳೇ ಬೇಲಿಯದು,
ಇನ್ನೇನು ಹಿಮ ಬಿತ್ತು ಅನ್ನುವ ಮಧ್ಯಾಹ್ನದ್ದು.
"ನನ್ನ ಮೀಸೆಯದು?" ಕೇಳಿಬಿಟ್ಟೆ.
ನೋಡಿದಳು. ಬಹಳ ಹೊತ್ತು.
"ಅದಕ್ಕೆ ಸ್ವಲ್ಪ ಕಂದು ಬೇಕು," ಅಂದಳು.
ಆ ರಾತ್ರಿ ಒಲೆಗೆ ಮೂರು ಸಲ ಸೌದೆ ಹಾಕಿದೆ, ನಿದ್ದೆಯಿಲ್ಲದೆ.

ಮರುದಿನವೇ ತೊಡಗಿದೆ.
ಅಳಿಯನ ಟ್ರ್ಯಾಕ್ಟರು, ಎರಡು ಜಾಕು, ಕಬ್ಬಿಣದ ಹಗ್ಗ,
ಮೂರು ವಾರ. ಕೊಟ್ಟಿಗೆ ಎದ್ದು ನಿಂತಿತು,
ಪರೇಡಿನ ಸಿಪಾಯಿಯಂತೆ. ಕಲ್ಲು ಕಟ್ಟಿದ ದಾರಕ್ಕೂ ತಪ್ಪು ಸಿಗಲಿಲ್ಲ.
ಅವಳು ಬಂದು ಕೂತಳು, ನೋಡಿದಳು,
ತೆರೆದ ಪೆಟ್ಟಿಗೆ ಮುಚ್ಚಿದಳು.
"ಇದನ್ನು ಯಾರು ಬೇಕಾದರೂ ಬರೆಯಬಹುದು."

ಚಳಿಗಾಲವಿಡೀ ಬೇಲಿಯ ಮೇಲಿಂದ ಬಾಟಲಿ ಬರಲಿಲ್ಲ.

ನಮ್ಮಲ್ಲಿ ಋತು ಐದು. ಹಿಮ ಕರಗಿ ಚಿಗುರು ಬರುವ ನಡುವೆ
ಹೊಳೆ ದಂಡೆ ಮರೆತು ಹೊಲಕ್ಕೆ, ರಸ್ತೆಗೆ, ಮೆಟ್ಟಿಲಿಗೆ.
ನೆರೆ ಅಂದರೆ ಉಕ್ಕಿದ ನೀರು,
ನೆರೆ ಅಂದರೆ ಪಕ್ಕದ ಮನೆ,
ನೆರೆ ಅಂದರೆ ಕೂದಲಿಗೆ ಬರುವುದು;
ಏಪ್ರಿಲ್ಲಿನ ಒಂದು ಬೆಳಿಗ್ಗೆ ಮೂರೂ ಒಟ್ಟಿಗೆ
ನನ್ನ ಬಾಗಿಲಿಗೆ ದೋಣಿ ಕಟ್ಟಿದವು.
"ಹತ್ತು," ಅಂದಳು. ಹತ್ತಿದೆ. ಹುಟ್ಟು ನನ್ನ ಕೈಗೆ ಬಂತು.

ಹುಲ್ಲುಗಾವಲಿನ ನಡುವೆ ನೀರು ಅಲುಗದೆ ಮಲಗಿತ್ತು.
ಕೊಟ್ಟಿಗೆ ಎರಡನೇ ದಿಮ್ಮಿಯವರೆಗೆ ಮುಳುಗಿ
ಮೇಲೊಂದು ನೆಟ್ಟಗೆ, ಕೆಳಗೊಂದು ನೆಟ್ಟಗೆ.
ಅವಳು ಇದ್ದಿಲು ತೆಗೆದಳು, ಮೊಣಕಾಲ ಮೇಲೆ ಹಾಳೆ.
ಬರೆಯಲಿಲ್ಲ. ಕಾದಳು.
ದೂರದಲ್ಲಿ ಬರ್ಚ್ ಮರದಿಂದ ಒಂದು ಹನಿ ಬಿದ್ದದ್ದೂ ಕೇಳಿಸಿತು.

"ಈಗ ಹುಟ್ಟು ಹಾಕು," ಅಂದಳು,
"ಮೆಲ್ಲಗೆ. ಒಂದೇ ಸಲ."

ಅದ್ದಿದೆ.
ನೀರಿನೊಳಗೆ ನನ್ನಪ್ಪನ ಕೊಟ್ಟಿಗೆ
ಪೂರ್ವಕ್ಕೆ ಬಗ್ಗಿತು,
ಒಂದು ಗೇಣು.