ಅರ್ಧ ಬೆವರು

ದೊಡ್ಡಾಸ್ಪತ್ರೆಯ ಹದಿನೇಳನೇ ಕೋಣೆಯಲ್ಲಿ
ರವಿಕೆ ಬಿಚ್ಚಿ, ಬೋರಲು ಮಲಗಿ
ಬೆನ್ನಿಗೆ ಅಯೋಡಿನ್ ಬಳಿಸಿಕೊಂಡೆ.
ಆರಿದ ಮೇಲೆ ಗಂಜಿಪುಡಿ ಉದುರಿಸಿದರು,
ಲಟ್ಟಿಸುವ ಮುನ್ನ ಮಣೆಗೆ ಹಿಟ್ಟು ಹಾಕಿದ ಹಾಗೆ.
ಎರಡು ದೊಡ್ಡ ಬಲ್ಬು ಹಚ್ಚಿ
'ಈಗ ಬೆವರಮ್ಮ' ಅಂದರು ಡಾಕ್ಟರ್ ಫರ್ಹಾನಾ.

ನಗು ಬಂತು.
ಹದಿನಾರು ವರ್ಷ ಆಲೆಮನೆಯ ಕೊಪ್ಪರಿಗೆ ಮುಂದೆ ನಿಂತವಳಿಗೆ
ಬೆವರು ಅಂತ ಯಾರೂ ಹೇಳಿದ್ದಿಲ್ಲ.
ಮೇಸ್ತ್ರಿ ಮಾತ್ರ ಒಮ್ಮೆ ಅಂದಿದ್ದ:
ಅರ್ಧ ಬೆನ್ನು ಒಣಕಲಾಗೇ ಐತೆ, ಅರ್ಧ ಕೂಲಿ ಸಾಕೇನವ್ವ?

ಬೆಂಚಿನ ಮೇಲೆ ನನ್ನ ಚೆಲುವರಾಜ,
ತಲೆ ಮೇಲೆ ಒದ್ದೆ ಟವೆಲ್ಲು,
ಬಾಯಲ್ಲಿ ನಾಲ್ಕೇ ಹಲ್ಲು, ಮೊನಚು.
ಹುಟ್ಟಿದಾಗಿನಿಂದ ಒಂದು ಹನಿ ಬೆವತವನಲ್ಲ.
ಏಪ್ರಿಲ್ ಬಂದರೆ ನೀರಿನ ತೊಟ್ಟಿಯೇ ಮನೆ.

ಹತ್ತು ನಿಮಿಷ. ಫೋಟೋ ತೋರಿಸಿದರು.
ನನ್ನ ಬೆನ್ನೇ ಇದು?
ಬೆನ್ನೆಲುಬಿನಿಂದ ಇಳಿದ ಕಡುನೀಲಿ ಪಟ್ಟೆ,
ಪಕ್ಕಕ್ಕೇ ಬಿಳಿ, ಮತ್ತೆ ನೀಲಿ, ಪಕ್ಕೆಯ ಹತ್ತಿರ ಸುಳಿ,
ನೀರು ಕಟ್ಟುವವನು ನಡುನಡುವೆ ತೂಕಡಿಸಿದ ಗದ್ದೆ.

ನಾಲೆ ಬಯಲಿನವಳೆಂದು ಡಾಕ್ಟರು
ನಾಲೆಯಲ್ಲೇ ಹೇಳಿದರು:
ಹೆಣ್ಣಿನ ಒಂದೊಂದು ಜೀವಕಣಕ್ಕೂ ಎರಡು ಎಕ್ಸ್, ಎರಡು ತೂಬು,
ಅಪ್ಪನದೊಂದು, ಅವ್ವನದೊಂದು.
ಎರಡೂ ಹರಿದರೆ ಹೆಚ್ಚಾಯಿತು.
ನೀನಿನ್ನೂ ಸಾಸಿವೆಗಿಂತ ಸಣ್ಣವಳು, ನಿನ್ನವ್ವನಿಗೆ
ನೀನಿರೋದೇ ಗೊತ್ತಿಲ್ಲದ ವಾರ,
ಕಣಕಣದೊಳಗೊಬ್ಬ ನೀರಗಂಟಿ ಎದ್ದು
ಕೈಗೆ ಸಿಕ್ಕಿದ್ದೊಂದನ್ನು ಮುಚ್ಚಿದ.
ಯಾರನ್ನೂ ಕೇಳಲಿಲ್ಲ.
ಆ ಕಣದ ಮಕ್ಕಳು ಮೊಮ್ಮಕ್ಕಳು
ಮುಚ್ಚಿದ್ದನ್ನು ಮುಚ್ಚಿಯೇ ಇಟ್ಟವು.
ಅದೀಗ ತಿರುಳಿನ ಅಂಚಿಗೆ ಮುದುಡಿ
ರಾಗಿಕಾಳಿನಂತೆ ಕೂತಿದೆ.

ಅಪ್ಪ ಗಾಣಕ್ಕೆ ಕಬ್ಬು ಕೊಡುತ್ತ ತೊಯ್ದು ತೊಪ್ಪೆಯಾಗುತ್ತಿದ್ದ.
ಹಾಗಾದರೆ ನೀಲಿಯೆಲ್ಲ ಅಪ್ಪ.
ಬಿಳಿಯಲ್ಲಿ ತೆರೆದಿರುವುದು ಅವ್ವನದು,
ತೆರೆದೂ ನೀರಿಲ್ಲದ ತೂಬು.
ಗಂಡುಮಗನಿಗೆ ಎಕ್ಸ್ ಒಂದೇ, ತಾಯಿ ಕೊಟ್ಟಿದ್ದು.
ಮುಚ್ಚುವ ಮಾತಿಲ್ಲ. ಇನ್ನೊಂದಿಲ್ಲ.

ಆಗ ನೆನಪಾದ ಪುಟ್ಟಸಿದ್ದ, ನನ್ನ ಅಣ್ಣ,
ಯುಗಾದಿ ಕಳೆದ ವಾರ ಮೈ ಕೆಂಡವಾಗಿ ಹೋದವನು,
ಮೂರು ವರ್ಷಕ್ಕೆ.
ಗಾಳಿ ಸೋಕಿತು ಅಂದರು. ಕಂಬಳಿ ಹೊದಿಸಿದರು.
ಆ ಕಂಬಳಿಯನ್ನು ಅವ್ವ ಆಮೇಲೆ
ಯಾರಿಗೂ ಹೊದೆಯಲು ಕೊಡಲಿಲ್ಲ.

ಸ್ಪಿರಿಟ್ಟಿನಲ್ಲಿ ಒರೆಸಿದರು. ಪಟ್ಟೆ ಹೋದವು.
ಸಂಜೆಯ ಮಂಡ್ಯ ಬಸ್ಸು ಪಶ್ಚಿಮವಾಹಿನಿ ದಾಟುವಾಗ
ಚೆಲುವ ಟವೆಲ್ಲು ಹಿಂಡಿ
ನನ್ನ ಕುತ್ತಿಗೆಗೂ ನಾಲ್ಕು ಹನಿ ಬಿಟ್ಟ.
ಎಲ್ಲಿ ಅಪ್ಪ, ಎಲ್ಲಿ ಅವ್ವ, ನೀರಿಗೇನು ಗೊತ್ತು,
ಇಬ್ಬರನ್ನೂ ಹಾದು ಸೊಂಟದ ಹತ್ತಿರ ನಿಂತಿತು.
'ತಂಪಾಯ್ತೇನವ್ವ?'
'ಇನ್ನೊಂಚೂರು ಬುಡು' ಅಂದೆ.