ಕಾಲಂ ಏಳು: ಸ್ಥಿತಿ

ಚುನಾವಣೆ ಗೊತ್ತಾದ ಮೂರನೆಯ ದಿನಕ್ಕೆ
ಕಂಪ್ಲಿ ಠಾಣೆಯ ಹಿಂದಿನ ಕೋಣೆ
ಬಂದೂಕುಗಳಿಂದ ತುಂಬುತ್ತದೆ.
ಗೋಣಿಯಲ್ಲಿ ಸುತ್ತಿದವು, ಹಳೆ ಪಂಚೆಯಲ್ಲಿ ಸುತ್ತಿದವು,
ಒಂದಂತೂ ಮಗುವಿನ ಕುಲಾಯಿ
ಬಾಯಿಗೆ ತೊಟ್ಟುಕೊಂಡು ಬಂದದ್ದು.

ಬಳ್ಳಾರಿಯಿಂದ ನನ್ನನ್ನು ಕರೆಸುತ್ತಾರೆ, ಪ್ರತಿ ಸಲ.
ಕಾಗದದಲ್ಲಿ ನಾನು ಆರ್ಮರರ್.
ಇಲ್ಲಿಯವರ ಬಾಯಲ್ಲಿ ತುಪಾಕಿ ಡಾಕ್ಟರು.

ಮಡಚಿ, ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತೇನೆ.
ಒಳಗೆ ಬೆಳಕು ಉಂಗುರ ಉಂಗುರವಾಗಿ ನಿಂತರೆ
ಆ ಮನೆಯಲ್ಲಿ ಯಾರಿಗೋ ಅದರ ನೆನಪಿದೆ ಅಂತ.
ಗಾದಿಲಿಂಗಪ್ಪನದರಲ್ಲಿ ಬೆಳಕೇ ಬರಲಿಲ್ಲ.
ಕಡ್ಡಿ ಹಾಕಿ ತಳ್ಳಿದರೆ ಕಣಜದ ಮಣ್ಣುಗೂಡು,
ಒಣಗಿದ ಹಸಿರು ಹುಳ ಎರಡು.
ಹಾರಿಸಿದ್ದರೆ ಮುಖ ಹೋಗುತ್ತಿತ್ತಲ್ಲೋ, ಅಂದೆ.
"ಹಾರಿಸೋಕೆ ಯಾರಿಗೆ ಬರ್ತದೆ ಸಾರ್,
ನಮ್ಮಪ್ಪಂದು. ಗೋಡೆಗೆ ಚೆಂದ ಐತೆ."

ಹೊನ್ನೂರಸಾಬ್ ಕೊಬ್ಬರಿ ಎಣ್ಣೆ ಹಚ್ಚಿದ್ದ.
ಚಳಿಗೆ ಹೆಪ್ಪಾಗಿ, ಬಿಸಿಲಿಗೆ ಅಂಟಾಗಿ,
ಕುದುರೆ ಎಳೆದರೆ ಮಲಗಿದ ಎಮ್ಮೆ.
ಹೊರಗೆ ಮಾತ್ರ ಮದುಮಗನ ಮಿಂಚು.

ಹೊಸ ಕಾನ್ಸ್‌ಟೇಬಲ್ ಸುಂಕಮ್ಮ ರಿಜಿಸ್ಟರ್ ಬರೆಯುತ್ತ ಕೇಳಿದಳು:
"ಎಷ್ಟು ದಿನಕ್ಕೊಂದ್ಸಲ ಒರೆಸ್ಬೇಕು ಸಾರ್?"

ಹಾರಿಸಿದ ದಿನ, ಬಿಸಿ ಆರುವ ಮೊದಲು.
ಮತ್ತೆ ಮಾರನೆಯ ದಿನ, ಅದರ ಮಾರನೆಯ ದಿನ;
ಹೋಯಿತು ಅಂದುಕೊಂಡ ಮಸಿ
ಮೂರು ದಿನ ಬೆವರುತ್ತದೆ ಉಕ್ಕಿನಿಂದ.
ಹಾರಿಸದಿದ್ದರೆ ತಿಂಗಳಿಗೊಮ್ಮೆ.
ಮಳೆಗೆ ನೆನೆದರೆ, ನಿನ್ನ ತಲೆ ಒರೆಸಿಕೊಳ್ಳುವ ಮೊದಲು.
ಸಂಡೂರಿನ ಲಾರಿಗಳು ಓಡಾಡುವ ರಸ್ತೆಗೆ ಮನೆ ಇದ್ದರೆ
ಲೆಕ್ಕ ಕೇಳಬೇಡ,
ಆ ಕೆಂಪು ಧೂಳು ಅನ್ನದಲ್ಲೂ ಇರುತ್ತದೆ.
ಮುಟ್ಟಿದರೆ, ಮುಟ್ಟಿದ ಪ್ರತಿ ಸಲ.
"ಬರೀ ಮುಟ್ಟಿದ್ರೂನಾ?"
ಬರೀ ಮುಟ್ಟಿದರೂ. ಬೆವರಲ್ಲಿ ಉಪ್ಪು.
ಉಕ್ಕಿಗೆ ಗುಂಡಿಗಿಂತ ಬೆರಳು ಕೆಟ್ಟದ್ದು.

ಸಂಜೆ ನಾಲ್ಕಕ್ಕೆ ದೇವಸಮುದ್ರದಿಂದ ಹಂಪಮ್ಮ
ಒಂಟಿ ನಳಿಗೆಯನ್ನು ಕಬ್ಬಿನ ಜಲ್ಲೆಯ ಹಾಗೆ ನೆಟ್ಟಗೆ ಹಿಡಿದು
ಆಟೋ ಇಳಿದಳು.
ಲೈಸೆನ್ಸು ಈಗ ಅವಳ ಹೆಸರಿಗೆ.
ಗದ್ದೆಗೆ ಹಂದಿ ನುಗ್ಗಿದರೆ ಗಂಡ ಆಕಾಶಕ್ಕೆ ಒಂದು ಬಿಡುತ್ತಿದ್ದ,
ಈಗ ಅವಳೇ ಬಿಡುತ್ತಾಳೆ.
ನಳಿಗೆ ಕನ್ನಡಿ!
ಹರಿದ ಒಳಲಂಗದ ಚಿಂದಿ, ಹೊಲಿಗೆ ಮೆಷಿನ್ನಿನ ಎಣ್ಣೆ, ಅಮಾಸೆಗೊಮ್ಮೆ.
"ಎತ್ತಿಗೂ ಅದಕ್ಕೂ ಅವತ್ತೇ ಮೈ ತೊಳೆಯೋದು."

ಆದರೆ ಬುಡದ ಹತ್ತಿರ, ಎಡಗಡೆ,
ನಾಲ್ಕಾಣೆ ಅಗಲದ ತುಕ್ಕಿನ ಕಲೆ.
ಉಕ್ಕಿನ ನಾರು ತಗೊಂಡೆ. ಕೈ ಹಿಡಿದಳು.
"ಅದೊಂದು ಬಿಡು. ಅದು ಅವರ ಹೆಬ್ಬೆಟ್ಟು.
ಹೋದ ಸಲ ಇಲ್ಲಿಂದ ತಂದಿಟ್ಟು ತಿಂಗಳಿಗೆ ಹೋದ್ರು."

ಬಗ್ಗಿದೆ. ಹೌದು, ಗೆರೆಗಳು.
ಸುತ್ತಿ ಸುತ್ತಿ ಒಳಗೆ ಹೋಗುವ ಗೆರೆಗಳು,
ಗುಡ್ಡಕ್ಕೆ ಹಾಕಿದ ಬದುಗಳ ಹಾಗೆ.
ತುಕ್ಕು ಸುಮ್ಮನಿರುವುದಿಲ್ಲವ್ವ, ಕೊರೆಯುತ್ತ ಹೋಗುತ್ತದೆ, ಅಂದೆ.
"ಗೊತ್ತೈತೆ" ಅಂದಳು.

ಉಜ್ಜಲಿಲ್ಲ.
ಕಲೆಯ ಮೇಲೆ ಒಂದು ಹನಿ ಎಣ್ಣೆ ನಿಲ್ಲಿಸಿದೆ.
ಅದರ ಕೆಳಗೆ ತುಕ್ಕು ನಿದ್ದೆ ಮಾಡುತ್ತದೆ, ಎಣ್ಣೆ ಆರುವವರೆಗೆ.
ಇದಕ್ಕೆ ಅಮಾಸೆ ಸಾಲದು, ವಾರಕ್ಕೊಂದು ಹನಿ, ಅಂದೆ.
ಸ್ಥಿತಿ ಅಂತ ಐತಲ್ಲ ಸಾರ್, ಏನು ಬರೀಲಿ ಅಂದಳು ಸುಂಕಮ್ಮ.
ಚೆನ್ನಾಗಿದೆ ಅಂತ ಬರಿ.

ರಾತ್ರಿ ಹಳೆ ರಿಜಿಸ್ಟರ್ ತೆಗೆದೆ, ಯಾಕೋ.
ಐದು ವರ್ಷದ ಹಿಂದಿನ ಮೇ. ಅದೇ ನಂಬರು.
ಒಂದೇ ದಿನ ನಲವತ್ತೊಂದು ವಾಪಸು ಕೊಟ್ಟಿದ್ದೆ.
ಕರೆಂಟಿರಲಿಲ್ಲ. ಮೊಣಕೈಯಿಂದ ಬೆವರು ಇಳಿಯುತ್ತಿತ್ತು.
ಕೊನೆಯ ಒರೆತ ಎಲ್ಲಕ್ಕೂ ಹಾಕಿದೆನೋ,
ಮೂವತ್ತಕ್ಕೆ ಸಾಕೆನಿಸಿತೋ.
ಕೊಟ್ಟವರು: ನನ್ನ ಸಹಿ.
ಪಡೆದವರು: ಎಡಗೈ ಹೆಬ್ಬೆಟ್ಟು, ನೀಲಿ ಶಾಯಿ, ಸ್ಪಷ್ಟ.

ಹೋಲಿಸಬಹುದಿತ್ತು.
ಟಾರ್ಚ್ ಮೇಜಿನ ಮೇಲೇ ಇತ್ತು.

ರಿಜಿಸ್ಟರ್ ಮುಚ್ಚಿ, ಅವಳ ಬಂದೂಕನ್ನು
ಸಾಲಿನ ಕೊನೆಗೆ ನಿಲ್ಲಿಸಿದೆ,
ಕೈಗೆ ಬಟ್ಟೆ ಸುತ್ತಿಕೊಂಡು.